ಒಂಟಿ ಪೆಟ್ಟಿಗೆಯ ಇಲಿ

ಬನಶಂಕರಿ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ನಿಂತಿದ್ದ ಇಬ್ಬರು ಹೆಂಗಸರ ಕೊರಳಲ್ಲಿ ಒಂದೇ ಲ್ಯಾಬಿನ ಕಾರ್ಡುಗಳಿದ್ದವು. ದಾನಮ್ಮ ಅಲ್ಲಿ ಇಲಿಗಳನ್ನು ನೋಡಿಕೊಳ್ಳುವವಳು. ಇನ್ನೊಬ್ಬರು ಅವಳ ಮೇಡಂ.

"ಆ ಎರಡು ಇಲಿ ಒಂದ ಪೆಟ್ಟಿಗ್ಯಾಗ ಹಾಕಿದಾಕಿ ನಾನ ರೀ, ಮೇಡಂ."

"ಅಯ್ಯೋ! ಜೀನ್ ತಿದ್ದಿರೋ ಇಲಿ ಕಣಮ್ಮ ಅವು. ಹೊಟ್ಟೆಯ ಬ್ಯಾಕ್ಟೀರಿಯಾಗೆ ರೋಗ ತಡೆಯೋ ಕಣಗಳು ಏನ್ಮಾಡ್ತವೆ ಅಂತ ನಮ್ಮ ಸಾರ್ ಅವನ್ನ ಬೇರೆ ಬೇರೆ ಇಟ್ಟು ನೋಡ್ತಿದ್ರು. ಒಂದರ ಹಿಕ್ಕೆ ಇನ್ನೊಂದು ತಿಂದ್ರೆ ಎರಡರ ಬ್ಯಾಕ್ಟೀರಿಯಾನೂ ಬೆರೆತು ಹೋಗತ್ತೆ. ಎಂಟು ತಿಂಗಳ ಕೆಲಸ ಹೋಯ್ತು."

"ಅದರಾಗ ಒಂದು ಇಲಿ ಮೂಲ್ಯಾಗ ಕುಂತು ತಿನ್ನೂದ ಬಿಟ್ಟಿತ್ರಿ. ಜೋಡಿ ಸಿಕ್ಕ ಮ್ಯಾಲ ತಿಂತು."

"ಇಲಿಗೆ ಬೇಜಾರಾಗತ್ತೆ ಅಂತ ನಿಂಗ್ಯಾರು ಹೇಳಿದ್ರು?"

"ಬಿಟಿಎಂ ರೂಮಿನ್ಯಾಗ ನಾನೂ ಒಬ್ಬಾಕೆನ ಉಣ್ತೀನಲ್ರಿ."

ಮೇಡಂ ರಸ್ತೆ ನೋಡಿದರು.

"ನಾಳೆಯಿಂದ ಬರಬೇಡ, ದಾನಮ್ಮ. ಸಾರ್‌ಗೆ ನಾನೇ ಹೇಳ್ತೀನಿ."

"ಆಗ್ಲಿರಿ. ಅವೆರಡೂ ಇನ್ನ ಕೂಡೇ ಇರ್ತಾವಲ್ರಿ?"

"ಪ್ರಯೋಗಕ್ಕೆ ಬಾರದ ಇಲೀನ ಯಾರು ಇಟ್ಕೋತಾರೆ?"

ಬಸ್ ಬಂತು, ಮೇಡಂ ಹತ್ತಿದರು. ದಾನಮ್ಮ ಕೊರಳಿನ ಕಾರ್ಡ್ ತೆಗೆದು ಕಿಟಕಿಯಿಂದ ಅವರ ಕೈಗಿಟ್ಟು, ಬಿಟಿಎಂ ಬಸ್ಸು ನಿಲ್ಲುವ ಕಡೆಗೆ ಒಬ್ಬಳೇ ನಡೆದಳು.