ಕೋಟಿನೊಳಗಿನ ಒಂಬತ್ತು ಲಕೋಟೆ

ಅಯ್ಯೋ, ಒಳಜೇಬಿಗೆ ಎಂತಕ್ಕೆ ಕೈ ಹಾಕಿದ್ದು ನೀನು! ಕೋಟನ್ನ ಮಡಚಿ ಸೂಟ್‌ಕೇಸಲ್ಲಿಡು ಅಂದದ್ದಲ್ವಾ ನಾನು... ಸರಿ. ಸಿಕ್ಕಿದ್ದು ಸಿಕ್ಕಿತು. ಆ ಕಟ್ಟನ್ನ ಮೇಜಿನ ಮೇಲಿಡು. ಇಡು ಶರಣ್ಯಾ, ಹಾಗೆ ಹಿಡ್ಕೊಂಡು ನನ್ನ ಮುಖ ನೋಡಬೇಡ. ನಾನೇ ಹೇಳ್ತೇನೆ. ದಾರ ಬಿಚ್ಚಬೇಡ ಮಾತ್ರ.

ಕೂತ್ಕೋ. ಅಕ್ಕಿ ಮೂಟೆ ಮೇಲೆ ಬೇಡ, ಸ್ಟೂಲ್ ಉಂಟಲ್ಲ. ಫ್ಲೈಟಿಗೆ ಇನ್ನೂ ಆರು ಗಂಟೆ ಉಂಟು. ಅಮ್ಮ ದೇವಸ್ಥಾನದಿಂದ ಬರುವಾಗ ಮಾಮಕ್ ಹೋಟೆಲಿನಿಂದ ರೊಟ್ಟಿ ತಪಾವ್ ಮಾಡಿ, ಪಾರ್ಸೆಲ್ ಕಟ್ಟಿಸಿ ತರ್ತಾಳೆ, ತಿಂದೇ ಹೋಗು.

ಹೌದು. ಓಟಿನ ಲಕೋಟೆ. ನಿನ್ನ ಕ್ಷೇತ್ರದ್ದೇ, ಚುನಾವಣೆಯ ದಿವಸ, ಮೇ ಏಳನೇ ತಾರೀಕಿನೊಳಗೆ ಅಂಚೆಯಲ್ಲಿ ಹೋಗಿ ಮುಟ್ಟಬೇಕಾದದ್ದು. ಎಣಿಸಬೇಡ ಮಾರಾಯ್ತಿ, ಒಂಬತ್ತು ಉಂಟು.

ಮರೆತುಹೋಯ್ತು. ಅಷ್ಟೇ ಕತೆ. ನಗುವುದೆಂತಕ್ಕೆ? ಅರವತ್ತೆಂಟು ವರ್ಷ ಆಯ್ತು ನನಗೆ, ಮರೆಯಬಾರದಾ? ಕನ್ನಡಕ ತಲೆ ಮೇಲಿಟ್ಟುಕೊಂಡು ಅಂಗಡಿಯೆಲ್ಲ ಹುಡುಕುವವ ನಾನು. ಬೇಕಾದರೆ ಅಮ್ಮನನ್ನ ಕೇಳು... ಬೇಡ, ಅಮ್ಮನನ್ನ ಕೇಳಬೇಡ. ವಾರಿಜಾಗೆ ಇದು ಗೊತ್ತಾದರೆ ನಾನು ಈ ಮನೆಯಲ್ಲಿ ಅನ್ನ ತಿಂದ ಹಾಗೇ.

ಹೇಗೆ ಅಂತ ಕೇಳು. ಕೇಳ್ತಾ ಇದ್ದೀ ತಾನೆ? ನಿನ್ನ ಕ್ಷೇತ್ರ ಅಂದರೆ ಎಂಥದ್ದು! ನಮ್ಮ ಸೆಲಂಗೋರ್ ರಾಜ್ಯದಷ್ಟು ಅಗಲ, ಜನಕ್ಕಿಂತ ಕುರಿ ಜಾಸ್ತಿ. ಒಂದು ಓಟು ಕೇಳಬೇಕಾದರೆ ಹತ್ತು ಮೈಲಿ, ಎದುರಿಂದ ಟ್ರ್ಯಾಕ್ಟರ್ ಬಂದರೆ ಒಂದು ಮೈಲಿ ಹಿಂದಕ್ಕೆ. ಅಂಥಾ ಕಡೆ ನೀನು, ಈ ಬ್ರಿಕ್‌ಫೀಲ್ಡ್ಸ್‌ನ ಕಿರಾಣಿ ಅಂಗಡಿಯವನ ಮಗಳು, ಡಾಕ್ಟರಾಗಿ ಹೋದವಳು, ಯಾವ ಪಾರ್ಟಿಯೂ ಇಲ್ಲದೆ ಸ್ಕಾಟ್ಲೆಂಡಿನ ಪಾರ್ಲಿಮೆಂಟಿಗೆ ನಿಂತೆ! ಆಸ್ಪತ್ರೆಯ ಹೆರಿಗೆ ವಾರ್ಡು ಮುಚ್ಚಿದರು ಅಂತ. ನಾನು ಬೇಡ ಅಂದೆನಾ? ಅನ್ನಲಿಲ್ಲ. ಅಂಗಡಿಯನ್ನ ಅಮ್ಮನ ಕೈಗೆ ಕೊಟ್ಟು ಒಂದು ತಿಂಗಳು ಬಂದು ನಿಂತೆ. ಆ ಚಳಿಯಲ್ಲಿ! ನಿನ್ನ ಮನೆ ಒಡತಿ ಮೊರಾಗಜ್ಜಿ ಪಾಪ, ತೀರಿಹೋದ ಗಂಡನ ಕೋಟು ಕೊಟ್ಟಳು. ಅದೇ ಕೋಟು. ವಾಪಸ್ ಕೊಡುವಾಗ ಥ್ಯಾಂಕ್ಸ್ ಹೇಳು, ಹುಳಿಪುಡಿ ಒಂದು ಕೆಜಿ ಹಾಕಿದ್ದೇನೆ ಅವಳಿಗೆ...

ಆಯ್ತು, ಆಯ್ತು, ವಿಷಯಕ್ಕೆ ಬರ್ತೇನೆ. ಕಿರುಚಬೇಡ, ಗಿರಾಕಿ ಇದ್ದಾರೆ.

ಅದು ಕುರಿ ಮರಿ ಹಾಕುವ ಕಾಲ. ಕೊಟ್ಟಿಗೆ ಬಿಟ್ಟು ಯಾರೂ ಅಲ್ಲಾಡುವ ಹಾಗಿಲ್ಲ, ಅಂಚೆಪೆಟ್ಟಿಗೆ ನೋಡಿದರೆ ಕಣಿವೆಯ ಕೆಳಗೆ. ನಾನು ಮನೆಮನೆಗೆ ಉಪ್ಪಿನಕಾಯಿ ಬಾಟ್ಲಿ ಹಿಡ್ಕೊಂಡು ಹೋಗ್ತಿದ್ದೆ. ಓಟು ಕೇಳಲಿಕ್ಕೆ ನನಗೆ ಇಂಗ್ಲಿಷ್ ಸಾಲುವುದಿಲ್ಲ, ಉಪ್ಪಿನಕಾಯಿ ಕೊಡಲಿಕ್ಕೆ ಸಾಲುತ್ತದೆ. ಅವರು ಮೈಕೈಗೆಲ್ಲ ರಕ್ತ ಮಾಡಿಕೊಂಡು ಕೊಟ್ಟಿಗೆಯಿಂದ ಬಂದು, 'ಡಾಕ್ಟರಪ್ಪಾ, ಇದನ್ನ ಪೆಟ್ಟಿಗೆಗೆ ಹಾಕ್ತೀಯಾ' ಅಂತ ಕೊಟ್ಟರು. ಒಂದು ಮನೆಯಲ್ಲಿ ಎರಡು, ಒಂದು ಮನೆಯಲ್ಲಿ ಮೂರು. ಒಬ್ಬಳು ಹೇಳಿದಳು, ನಮ್ಮ ಕುರಿ ಮನೆಯಲ್ಲೇ ಹೆರುತ್ತದೆ, ನಮ್ಮ ಸೊಸೆ ನೂರು ಮೈಲಿ ಹೋಗಬೇಕು, ನಿನ್ನ ಮಗಳು ಗೆಲ್ಲಲಿ ಅಂತ... ನನ್ನ ಕೈ ಹಿಡ್ಕೊಂಡು.

ಹಾಂ? ಒಬ್ಬಳು ಹೇಳಿದ್ದು, ಅಷ್ಟೇ! ಒಂಬತ್ತೂ ನಿನಗೇ ಅಂತ ಹೇಗೆ ಹೇಳ್ತೀ? ನಾನು ಒಡೆದು ನೋಡಿದೆನಾ? ಯಾರಿಗೆ ಗೊತ್ತು, ಅರ್ಧ ಎದುರು ಪಾರ್ಟಿಗೇ ಇರಬಹುದು. ಜನ ಎದುರಿಗೊಂದು ಹೇಳ್ತಾರೆ, ಒಳಗೊಂದು ಮಾಡ್ತಾರೆ.

ಗೊತ್ತುಂಟು, ಆರೇ ಓಟು. ಆರು ಓಟಲ್ಲಿ ಸೋತದ್ದು. ನಾನೂ ಇದ್ದೆನಲ್ಲ ಆ ಹಾಲಿನಲ್ಲಿ. ಮೂರು ಸಲ ಎಣಿಸಿದರು. ಮೂರೂ ಸಲ ನಿನ್ನ ಪಕ್ಕದಲ್ಲೇ ನಿಂತಿದ್ದೆ.

...ಹೌದು. ಈ ಕೋಟೇ ಹಾಕ್ಕೊಂಡಿದ್ದೆ.

ಹಾಗೆ ನೋಡಬೇಡ! ನೆನಪೇ ಇರಲಿಲ್ಲ ಅಂದೆನಲ್ಲ! ಇಲ್ಲಿಗೆ ಬಂದ ಮೇಲೆ ಸಿಕ್ಕಿದ್ದು. ಆಮೇಲೆ ಎಂತ ಮಾಡಲಿ? ಸುಟ್ಟು ಹಾಕಲಾ? ಇನ್ನೊಬ್ಬರು ನಂಬಿ ಕೈಗೆ ಕೊಟ್ಟ ಮಾಲು, ಸುಡಲಿಕ್ಕೆ ನನ್ನ ಕೈ ಬರುವುದಿಲ್ಲ, ವ್ಯಾಪಾರಸ್ಥ ನಾನು...

ಒಂದು ನಿಮಿಷ. ಅಕ್ಕಾ! ಅಕ್ಕಾ, ಆ ದೀಪ ಮುಟ್ಟಬೇಡಿ, ಈಗ ಕೊಡೋದಿಲ್ಲ! ಚೀಟಿ ಉಂಟು ನೋಡಿ ಅದರ ಮೇಲೆ. ಹಾಂ, ಅದು ಅಂಗಡಿಯ ಅಲಂಕಾರಕ್ಕೆ ಎತ್ತಿಟ್ಟದ್ದು, ದೀಪಾವಳಿ ಕಳೆದ ಮೇಲೆ ಬನ್ನಿ, ಕಡಿಮೆಗೆ ಕೊಡ್ತೇನೆ. ಓಕೆ ಲಾ... 'ಅಣ್ಣಾಚಿ ಅಣ್ಣಾಚಿ' ಅಂತ ತಲೆ ತಿಂತಾಳೆ ಈ ಹೆಂಗಸು. ನೋಡಿದೆಯಾ, ಮೂವತ್ತನಾಲ್ಕು ವರ್ಷದ ಕ್ರಮ ಇದು. ಎತ್ತಿಟ್ಟ ಮಾಲಿಗೆ ಚೀಟಿ, ಚೀಟಿಯಲ್ಲಿ ದಿವಸ. ಆ ದಿವಸ ಕಳೆಯುವ ತನಕ ದೇವರು ಬಂದು ಕೇಳಿದರೂ ಮಾಲು ಹೊರಗೆ ಬರುವುದಿಲ್ಲ. ಕನ್ನಡದಲ್ಲೇ ಬರೆಯುವುದು. ಈ ರಸ್ತೆಯಲ್ಲಿ ಓದುವವರು ಯಾರುಂಟು?

ಫೋನ್ ಎಂತಕ್ಕೆ ತೆಗೆದದ್ದು? ಯಾರಿಗೆ? ಚುನಾವಣೆ ಆಫೀಸಿಗಾ? ಬೇಡ! ಶರಣ್ಯಾ, ಬೇಡ. ಅಲ್ಲಿ ಇದಕ್ಕೆ ಜೈಲು ಉಂಟಾ, ನನಗೆ ಗೊತ್ತಿಲ್ಲ. ನನ್ನದು ಬಿಡು, ನಿನಗೆ ಎಂತಾಗುತ್ತದೆ? ಕ್ಯಾಂಡಿಡೇಟಿನ ಅಪ್ಪನೇ ಓಟು ಅಡಗಿಸಿಟ್ಟ... ಅಡಗಿಸಿಟ್ಟ ಅಲ್ಲ, ಮರೆತ... ಅಂತ ಪೇಪರಲ್ಲಿ ಬಂದರೆ ನಿನ್ನ ಹತ್ತಿರ ಪೇಶಂಟು ಬರ್ತಾರಾ? ಕೆಳಗಿಡು. ಕಾಲು ಹಿಡೀಬೇಕಾ? ಹಿಡೀತೇನೆ. ಮಗಳ ಕಾಲು ಹಿಡಿದ ಅಂತ ನಾಲ್ಕು ಜನ ನಗಲಿ.

ಉಸಿರು ಬಿಡು. ತಣ್ಣಗೆ ಯೋಚಿಸು. ಆದದ್ದು ಒಳ್ಳೆಯದೇ ಆಯ್ತು ಅಂತ ನಾನು ಹೇಳುವುದಿಲ್ಲ, ಆದರೆ... ಪೆಟಾಲಿಂಗ್ ಜಯಾದ ವಕೀಲ ಪ್ಯಾಸ್ಕಲ್ ಇದ್ದಾನಲ್ಲ, ನಮ್ಮ ಮಂಗಳೂರಿನವ, ಅವ ಏಪ್ರಿಲ್‌ನಲ್ಲೇ ಫೋನ್ ಮಾಡಿ ಹೇಳಿದ. 'ಐತಪ್ಪಣ್ಣಾ, ಬೇರೆ ದೇಶದ ಚುನಾವಣೆಯಲ್ಲಿ ಓಟು ಹಾಕಿದರೂ ಇಲ್ಲಿ ಸಿಟಿಜನ್‌ಶಿಪ್ ಹೋಗಬಹುದು, ಇನ್ನು ಗೆದ್ದು ಪ್ರಮಾಣವಚನ ತಗೊಂಡರೆ ಕೇಳುವುದೇ ಬೇಡ.' ನೀನು ಒಂದು ಓಟು ಹಾಕಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಗೆದ್ದರೆ? ಬ್ರಿಕ್‌ಫೀಲ್ಡ್ಸ್ ಹುಡುಗಿ ಗೆದ್ದಳು ಅಂತ ಇಲ್ಲಿನ ಪೇಪರಲ್ಲೇ ಫೋಟೋ!

ನಿನ್ನ ಪಾಸ್‌ಪೋರ್ಟ್ ನಿನ್ನಿಷ್ಟ, ಇಲ್ಲಿನ ಪಾಸ್‌ಪೋರ್ಟಲ್ಲೇ ಅಲ್ಲಿ ಚುನಾವಣೆಗೆ ನಿಲ್ಲಬಹುದು, ಸರಿ. ಆದರೆ ಈ ಅಂಗಡಿ ಯಾರ ಹೆಸರಲ್ಲಿ ಉಂಟು? ನಿನ್ನದಲ್ವಾ? ನಾನು ಊರಿಂದ ಬಂದವ, ನನ್ನ ಕೈಯಲ್ಲಿರುವುದು ಇವತ್ತಿಗೂ ಕೆಂಪು ಕಾರ್ಡು. ಇಲ್ಲಿ ವಾಸ ಮಾಡಬಹುದು, ಅಷ್ಟೇ, ಸಿಟಿಜನ್ ಅಲ್ಲ. ನೀನು ಇಲ್ಲಿ ಹುಟ್ಟಿದವಳು, ನೀಲಿ ಕಾರ್ಡು, ಪೂರಾ ಸಿಟಿಜನ್. ಅದಕ್ಕೇ ನಿನ್ನ ಹೆಸರಿಗೆ ಮಾಡಿಸಿದ್ದು. ಆ ಕಾರ್ಡು ಹೋದರೆ ಈ ಅಂಗಡಿಗೆ ಎಂತಾಗುತ್ತದೆ ಅಂತ ಪ್ಯಾಸ್ಕಲನನ್ನ ಕೇಳಿದೆ. 'ಹೇಳಲಿಕ್ಕೆ ಬರುವುದಿಲ್ಲ ಅಣ್ಣಾ' ಅಂದ. ಹೇಳಲಿಕ್ಕೆ ಬರುವುದಿಲ್ಲ! ವಕೀಲನ ಬಾಯಲ್ಲಿ ಆ ಮಾತು ಕೇಳಿದ ಮೇಲೆ ಒಂದು ವಾರ ಅನ್ನ ಇಳಿಯಲಿಲ್ಲ ನನಗೆ.

ಅದಕ್ಕೂ ಇದಕ್ಕೂ ಸಂಬಂಧ ಇಲ್ಲ! ಸುಮ್ಮನೆ ಹೇಳಿದೆ. ಮಾತಿಗೆ ಮಾತು ಬಂತು, ಹೇಳಿದೆ. ಲಕೋಟೆ ಮರೆತದ್ದು ಮರೆತದ್ದೇ. ದೇವರಾಣೆ.

...ಎಂತಾಯ್ತು? ಎಂತಕ್ಕೆ ಸುಮ್ಮನಾದೆ? ಈಗಷ್ಟೇ ಇಂಗ್ಲಿಷಲ್ಲಿ ಬಯ್ತಾ ಇದ್ದೆಯಲ್ಲ. ಚಿಕ್ಕಂದಿನಿಂದ ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ನೀನು ಇಂಗ್ಲಿಷಲ್ಲೇ ಉತ್ತರ ಕೊಟ್ಟದ್ದು. ಬಯ್ಯಿ. ಇನ್ನೂ ಬಯ್ಯಿ.

ಆ ಕಟ್ಟು ತಿರುಗಿಸಬೇಡ. ಶರಣ್ಯಾ. ಅಲ್ಲೆಂತ ಉಂಟು ನೋಡಲಿಕ್ಕೆ? ದಾರದ ಅಡಿಯಲ್ಲಿರುವುದು... ಅದು ಅಂಗಡಿಯ ಚೀಟಿ, ಯಾವುದೋ ಮಾಲಿನದ್ದು, ಹೇಗೋ ಅಲ್ಲಿ ಸಿಕ್ಕಿಹಾಕ್ಕೊಂಡದ್ದು. ಕೊಡು ಇಲ್ಲಿ. ನಿನಗೆ ಅದು ತಿಳಿಯುವುದಿಲ್ಲ. ಕನ್ನಡ ಮಾತಾಡಲಿಕ್ಕೇ ಬಾರದವಳಿಗೆ ಓದಲಿಕ್ಕೆ...

ತುಟಿ ಅಲ್ಲಾಡ್ತಾ ಉಂಟು ನಿನ್ನದು. ಅಕ್ಷರ ಕೂಡಿಸ್ತಾ ಇದ್ದೀ ನೀನು.

ನಾನೇ... ನಾನೇ ಕಲಿಸಿದ್ದಲ್ವಾ. ಐದು ವರ್ಷ ನಿನಗೆ. ಇದೇ ಸ್ಟೂಲು, ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಒಂದೊಂದು ಚೀಟಿ ಓದಿಸ್ತಿದ್ದೆ. 'ಥೈಪೂಸಂ ಕಳೆದ ಮೇಲೆ.' 'ದೀಪಾವಳಿ ಕಳೆದ ಮೇಲೆ.' ತಪ್ಪಿಲ್ಲದೆ ಓದಿದರೆ ಒಂದು ಕಡಲೆ ಮಿಠಾಯಿ. ಅದೊಂದು... ಅದೊಂದು ನಿಜವಾಗಿಯೂ ಮರೆತಿದ್ದೆ ನಾನು.

ಜೋರಾಗಿ ಓದಬೇಡ. ನಾನೇ ಓದ್ತೇನೆ, ನನ್ನ ಅಕ್ಷರವೇ ಅಲ್ವಾ. 'ಏಳನೇ ತಾರೀಕು ಕಳೆದ ಮೇಲೆ.' ನಿನ್ನ ಅಡುಗೆಮನೆ ಮೇಜಲ್ಲೇ ಕೂತು ಬರೆದದ್ದು. ನೀನು ಒಳಗೆ ನಾಳೆಯ ಭಾಷಣ ಬಾಯಿಪಾಠ ಮಾಡ್ತಾ ಇದ್ದೆ.

ಅಗೋ, ಅಮ್ಮ ರಸ್ತೆ ದಾಟ್ತಾ ಇದ್ದಾಳೆ.

ಇಂಗ್ಲಿಷಲ್ಲಾದರೂ ಒಂದು ಮಾತು ಹೇಳು ಮಗಳೇ.