ಗಂಟೆ ಬಾರಿಸುವ ರೋಗಿ

ಟಣ್! ತಪ್ಪು. ಮತ್ತೆ ತಪ್ಪು ಡಾಕ್ಟ್ರೇ! ಏನಂದ್ರಿ ಈಗ? "ಇವನಿಗೆ ಊಟ ಸೇರುತ್ತಾ?" ಅಂತ... ಯಾರನ್ನ ಕೇಳಿದ್ರಿ? ಲವ್‌ಡೇನ! ಪೇಷೆಂಟು ಯಾರು? ನಾನು. ಊಟ ಮಾಡೋ ಬಾಯಿ ಎಲ್ಲಿದೆ? ಇಲ್ಲಿ, ನನ್ನ ಮೂಗಿನ ಕೆಳಗೆ. ಲವ್‌ಡೇ ನನ್ನನ್ನ ನೋಡ್ಕೊಳ್ಳೋಳು, ನಿಜ. ಹಂಗಂತ ನನ್ನ ಪರವಾಗಿ ಅಗಿಯೋದಿಲ್ಲ. ಯಾಕೆ ನಗ್ತೀರಿ? ನಗೋದಕ್ಕೂ ಗಂಟೆ ಇದೆ. ಟಣ್!

ನೋಡಿ, ಅವಳೇ ಎದ್ದು ಹೋದ್ಲು. ಕೇಸರಿ ಬನ್ನು ಬಿಸಿ ಮಾಡೋಕೆ. "ಜೇಗೋ, ಡಾಕ್ಟರನ್ನ ಪೂರ್ತಿ ತಿಂದುಬಿಡಬೇಡ, ಮನೆಯವರಿಗೂ ಸ್ವಲ್ಪ ಉಳಿಸು" ಅಂತ ಬಾಗಿಲಲ್ಲಿ ನಿಂತು ಅಂದ್ಲು, ಕೇಳಿಸ್ತಾ? ಒಳ್ಳೇದಾಯ್ತು ಬಿಡಿ. ಇನ್ನು ನಾನು, ನೀವು, ಈ ಗಂಟೆ. ಹ್ಞಾಂ? ಎಲ್ಲಿಂದ ಬಂತಾ? ಫಾಲ್ಮತ್‌ನಲ್ಲಿ ಒಂದು ಲಾಡ್ಜಿನವರು ಪ್ರೀತಿಯಿಂದ ಕೊಟ್ರು... ಹಂಗೆ ನೋಡ್ಬೇಡಿ ಮಾರಾಯ್ರೇ. ಸರಿ. ಅವರು ಆ ಕಡೆ ತಿರುಗಿದಾಗ ಪ್ರೀತಿಯಿಂದ ಕೊಟ್ರು.

ಕೂತ್ಕೊಳ್ಳಿ ನೆಟ್ಟಗೆ. ಬುಧವಾರ ಬುಧವಾರ ಈ ಪುಟ್ಟ ಚರ್ಚಿನ ಹಿಂದಿನ ಕೋಣೇಲಿ ನಾನು ಮೇಷ್ಟ್ರು. ಕಾರ್ನ್‌ವಾಲ್ ಸೀಮೆಯ ಊರೂರ ಡಾಕ್ಟ್ರುಗಳು ಒಬ್ಬೊಬ್ರಾಗಿ ಇದೇ ಕುರ್ಚೀಲಿ ಕೂತು ಬೆವರ್ತಾರೆ. ನಮ್ಮಂಥ, ತಲೆ ನಿಧಾನ ಓಡೋ ಜನ ಬಂದ್ರೆ ಹೆಂಗೆ ಮಾತಾಡ್ಸಬೇಕು, ಹೆಂಗೆ ಕಾಯಿಲೆ ಹುಡುಕ್ಬೇಕು ಅಂತ ಕಲಿಯೋಕೆ. ನಿಧಾನ ಅಂದ್ರೆ ಬೇಜಾರಿಲ್ಲ ಕಣ್ರೀ. ನನ್ನ ತಲೆ ಒಂದು ಬಸ್ಸು. ನಿಧಾನ, ಆದ್ರೆ ಎಲ್ಲಾ ಸ್ಟಾಪಲ್ಲೂ ನಿಲ್ಲುತ್ತೆ. ನಿಮ್ಮದು ರೈಲು, ನಮ್ಮೂರು ಬಂದಿದ್ದೂ ಗೊತ್ತಾಗಲ್ಲ.

ಆ ಜಗ್ಗು ಸ್ವಲ್ಪ ಈ ಕಡೆ ತಳ್ಳಿ. ಕಿತ್ತಳೆ ಶರಬತ್ತು. ಮಾತಾಡಿ ಮಾತಾಡಿ ಗಂಟಲು ಒಣಗುತ್ತೆ... ಮೇಷ್ಟ್ರ ಕೆಲಸ ಅಂದ್ರೆ ಸುಮ್ನೇನಾ... ಆಹ್.

ಆಟ ಗೊತ್ತಲ್ಲ? ನನ್ನ ಹತ್ರ ಒಂದು ಕಾರ್ಡಿದೆ, ಅದರಲ್ಲಿ ಇವತ್ತಿನ ಕಾಯಿಲೆಯ ಚಿತ್ರ ಇದೆ. ನಾನು ಆ ಕಾಯಿಲೆಯವನ ಥರ ಆಡ್ತೀನಿ, ನೀವು ಕಂಡುಹಿಡೀಬೇಕು. ಕಾರ್ಡು ಎಲ್ಲಿದೆ ಅಂತ ಹುಡುಕ್ಬೇಡಿ, ಕಾಲುಚೀಲದಲ್ಲಿದೆ, ವಾಸನೆ ತಡ್ಕೊಳ್ಳೋ ಧೈರ್ಯ ಇದ್ರೆ ತಗೊಳ್ಳಿ. ಶುರು ಮಾಡಿ. ಕೇಳಿ.

ಹೊಟ್ಟೆ ನೋವಾ? ಹೌದು.

ತಲೆ ನೋವಾ? ಹೌದು.

ಬೆನ್ನು? ಹೌದು ಹೌದು.

ಬರ್ಕೊಂಡ್ರಾ? ಹ್ಹಿ ಹ್ಹಿ ಹ್ಹಿ! ಬರ್ಕೊಂಡೇ ಬಿಟ್ರಲ್ಲ! ಟಣ್ ಟಣ್ ಟಣ್! ಡಾಕ್ಟ್ರೇ, ಕೋಟು ಹಾಕಿದ ಮನುಷ್ಯ ಕೇಳಿದ್ರೆ ನಾವು ಎಲ್ಲದಕ್ಕೂ ಹೌದು ಅಂತೀವಿ. ಹೌದು ಅಂದ್ರೆ ಬೇಗ ಮನೆಗೆ ಕಳಿಸ್ತಾರೆ, ಅದಕ್ಕೆ. ಹೋದ ವಾರ ಒಬ್ಬಮ್ಮ ಬಂದಿದ್ರು, ಪೆನ್‌ಜಾನ್ಸ್ ಕಡೆಯವರು. ಅವರಿಗೆ ಅನುಮಾನ ಬಂದು, "ಜೇಗೋ, ನೀನು ಬಸುರಿನಾ?" ಅಂದ್ರು. "ಹೌದು" ಅಂದೆ. "ಯಾವಾಗ ಹೆರಿಗೆ?" ಅಂದ್ರು. "ಚಹಾ ಆದ್ಮೇಲೆ" ಅಂದೆ. ಆಯಮ್ಮ ಪಾಸು.

ಅದಕ್ಕೇ, ಹೌದು ಅನ್ನಿಸೋ ಪ್ರಶ್ನೆ ಕೇಳ್ಬೇಡಿ. ತೋರ್ಸು ಅನ್ನಿ. ಎಲ್ಲಿ ಅಂತ ತೋರ್ಸು. ಎಷ್ಟು ದಿನದಿಂದ ಅಂತಾನೂ ಕೇಳ್ಬೇಡಿ, ದಿನ ಯಾರಿಗೆ ನೆನಪಿರುತ್ತೆ? ಸ್ನೂಕರ್ ಪಂದ್ಯಕ್ಕೆ ಮುಂಚೇನಾ, ಆಮೇಲಾ? ಹಂಗೆ ಕೇಳಿ. ಮತ್ತೆ... ಇದು ದೊಡ್ಡ ಪಾಠ, ಕಿವಿ ಕೊಡಿ... ಕೇಳಿದ್ಮೇಲೆ ಬಾಯಿ ಮುಚ್ಕೊಂಡಿರಿ. ಎಲ್ಲಾ ಡಾಕ್ಟ್ರೂ ಇಲ್ಲೇ ಫೇಲು. ಕೇಳ್ತಾರೆ, ಬಸ್ಸು ಸ್ಟಾಪಿಗೆ ಬರೋ ಮುಂಚೆ ಇನ್ನೊಂದು ಕೇಳ್ತಾರೆ. ಕಾಯ್ರೀ! ಬಸ್ಸು ಬರುತ್ತೆ.

ಇದಾ? ಕುತ್ತಿಗೇಲಿ ನೇತಾಡ್ತಿರೋದಾ? ಏಯ್, ಮುಟ್ಬೇಡಿ! ಕೀಲಿ. ನನ್ನ ಮನೇದು! ಈ ಶನಿವಾರ ಹೋಗ್ತೀನಿ. ಬೇಕರಿ ಮೇಲೆ ಒಂದೇ ಕೋಣೆ. ಈಗಿರೋದು ದೊಡ್ಡ ಮನೇಲಿ, ಲವ್‌ಡೇ ಥರದವರು ಪಾಳಿ ಮೇಲೆ ಕಾಯೋ ಮನೆ, ಅಲ್ಲಿ ಬಚ್ಚಲಿಗೂ ಚಿಲಕ ಇಲ್ಲ. ಹತ್ತೊಂಬತ್ತು ವರ್ಷದ ಗಂಡಸು ನಾನು, ಹಾಡು ಹೇಳ್ಕೊಂಡೇ ಸ್ನಾನ ಮಾಡ್ಬೇಕು, ಒಳಗಿದ್ದೀನಿ ಅಂತ ಗೊತ್ತಾಗೋಕೆ! ಹೊಸ ಕೋಣೇಲಿ ನೋಡಿ, ಚಿಲಕ ಹಾಕ್ಕೋಬಹುದು. ಯಾರಾದ್ರೂ ಬಡಿದ್ರೆ "ಯಾರು?" ಅಂತ ಕೇಳಿ, ಆಮೇಲೆ ತೆಗೀದೇ ಇರಬಹುದು! ಲವ್‌ಡೇ ಬಂದ್ರೂ ಒಂದ್ಸಲ ತೆಗಿಯಲ್ಲ. ಒಂದೇ ಸಲ. ಆಮೇಲೆ ತೆಗೀತೀನಿ, ಪಾಸ್ಟಿ ತಂದಿರ್ತಾಳೆ, ಮಾಂಸ ತುಂಬಿದ ಬಿಸಿ ಕಡುಬು.

ಪೆರನ್‌ಗೂ ಇತ್ತು ಇಂಥ ಕೀಲಿ. ನನ್ನ ಪಕ್ಕದ ಕೋಣೆಯವನು, ಮಾತಾಡಲ್ಲ ಅವನು. ಹೊಸ ಮನೆಗೆ ಹೋದ, ಸ್ವಲ್ಪ ದಿನಕ್ಕೇ ಕೆನ್ನೆಗೆ ಪಟಪಟ ಹೊಡ್ಕೊಳ್ಳೋಕೆ ಶುರು ಮಾಡಿದ. ಡಾಕ್ಟ್ರು ಏನಂದ್ರು ಗೊತ್ತಾ? "ಇವರು ಹಂಗೇ." ಅಷ್ಟೇ. "ಇವರು ಹಂಗೇ." ನಿದ್ದೆ ಮಾತ್ರೆ ಕೊಟ್ರು. ಹುಷಾರಾಗೋವರೆಗೂ ಅಂತ ದೊಡ್ಡ ಮನೆಗೆ ವಾಪಸ್ ತಂದ್ರು, ಕೀಲಿ ಇಸ್ಕೊಂಡ್ರು. ಕೊನೇಗೆ ನೋಡಿದ್ರೆ ಹಲ್ಲು ಕಣ್ರೀ! ಕೊಳೆತ ಹಲ್ಲು! ಕಿತ್ರು, ಹೊಡ್ಕೊಳ್ಳೋದು ನಿಲ್ತು. ಕೀಲಿ ಮಾತ್ರ ಬರಲಿಲ್ಲ. ಇನ್ನೂ ಆಫೀಸಿನ ಡ್ರಾಯರಲ್ಲೇ ಇದೆ. ಅದಕ್ಕೇ, ಆ ಮಾತು ಅಂದವರಿಗೆ ನನ್ನ ಗಂಟೆ ನಿಲ್ಲೋದೇ ಇಲ್ಲ, ಪಕ್ಕದ ರಸ್ತೆಗೂ ಕೇಳಿಸ್ಬೇಕು ಹಂಗೆ ಬಾರಿಸ್ತೀನಿ.

ಒಂದು ನಿಮಿಷ, ಮತ್ತೆ ಬಚ್ಚಲಿಗೆ. ಬಂದೆ. ನಿಮಗೆ ಬಿಡುವು... ಜಗ್ಗು ಮುಟ್ಬೇಡಿ.

...ಬಂದೆ. ಎಲ್ಲಿದ್ವಿ? ಏನು ಮುಖ ಅದು? ಮತ್ತೆ ಹೋಗಿದ್ದಕ್ಕಾ? ಕುಡಿದಿದ್ದು ಹೋಗ್ಬೇಕಲ್ಲ, ಕಿವಿಯಿಂದ ಬರುತ್ತಾ?

ಅಯ್ಯೋ! ಕಿವಿ ಅಂದುಬಿಟ್ನಾ? ಛೆ! ಕೇಳಿಸ್ಕೊಂಡಿಲ್ಲ ನೀವು. ಕೇಳಿಸ್ಕೊಂಡಿದ್ದೀರಿ! ತೋರ್ಸು ಅಂತೀರಾ... ಸರಿ, ಇಲ್ಲಿ. ಎಡಗಡೆ. ಅಮ್ಮಾ, ಅಯ್ಯೋ, ನೋವು, ನೋವು! ಸ್ನೂಕರ್ ಆದ್ಮೇಲೆ! ಭೇಷ್! ತಗೊಳ್ಳಿ ಕಾರ್ಡು, ನೋಡಿ, ಕಿವಿ ಚಿತ್ರ. ಗೆದ್ರಿ ನನ್ನಪ್ಪ! ಬನ್ನು ನಿಮ್ಮದು. ಏಳಿ, ಹೋಗಿ, ಮುಂದಿನವರನ್ನ ಕಳಿಸಿ.

ಏಳಿ.

ಯಾಕೆ ಏಳ್ತಿಲ್ಲ? ಆಟ ಮುಗೀತು ಕಣ್ರೀ.

ಏನು, ಜಗ್ಗು ಖಾಲಿ ಆಯ್ತಾ? ಆಗಿರುತ್ತೆ. ಶರಬತ್ತು ಇರೋದೇ ಕುಡಿಯೋಕೆ, ಗಿಡಕ್ಕೆ ಹಾಕೋಕಲ್ಲ. ಪ್ಯಾಂಟಾ? ಲವ್‌ಡೇ ದೊಡ್ಡದು ತಂದಳು, ಅದಕ್ಕೇ ದಾರ ಕಟ್ಟಿದ್ದೀನಿ... ಹೊಸದಲ್ಲ, ಹಳೇದೇ. ಬಟ್ಟೆ ಹಿಗ್ಗುತ್ತೆ ಡಾಕ್ಟ್ರೇ, ನಿಮ್ಮ ಕಾಲೇಜಲ್ಲಿ ಹೇಳಿಲ್ವಾ?

ಆ ಗೋಡೆ ಗಡಿಯಾರ ಓದಲಾ? ಓದ್ತೀನಿ. ಅದು... ಅದಕ್ಕೆ ಮಂಜು ಕವಿದಿದೆ. ಆ ಗಡಿಯಾರಕ್ಕೇ ಕವಿದಿರೋದು, ನನಗಲ್ಲ. ಏಯ್, ಮೂಗು ಯಾಕೆ ನನ್ನ ಬಾಯಿ ಹತ್ರ ತರ್ತೀರಿ? ಹಣ್ಣಿನ ವಾಸನೆನಾ? ಕಿತ್ತಳೆ ಕಣ್ರೀ, ಈಗಷ್ಟೇ ಹೇಳಿದ್ನಲ್ಲ!

ಕೀಲಿ ಬರೋ ಮುಂಚೇನಾ, ಆಮೇಲಾ ಅಂತೀರಾ?

ಏನು?

ನೀವು ಕೇಳ್ತಿರೋದು ಈ ಬಾಯಾರಿಕೇನಾ?

...ಟಣ್. ತಪ್ಪು. ಇದು ಕಾರ್ಡಲ್ಲಿಲ್ಲ. ಕಾರ್ಡಲ್ಲಿ ಇಲ್ಲದ್ದು ಕೇಳೋ ಹಾಗಿಲ್ಲ. ಟಣ್! ಟಣ್!

ಮಾತಾಡಿ. ಇನ್ನೊಂದು ಪ್ರಶ್ನೆ ಕೇಳಿ. ಬೇಗ ಕೇಳಿ, ಎಲ್ಲಾ ಡಾಕ್ಟ್ರ ಥರ. ಹೊಟ್ಟೆ ನೋವಾ ಅನ್ನಿ, ಹೌದು ಅಂತೀನಿ, ಮುಗಿದುಹೋಗುತ್ತೆ.

ಓಹೋ! ನಾನು ಕಲಿಸಿದ ಪಾಠ ನನಗೇ! ಕೇಳಿ ಬಾಯಿ ಮುಚ್ಕೊಂಡು ಕೂತಿದ್ದೀರಿ... ಕಳ್ಳ ಡಾಕ್ಟ್ರು ನೀವು.

ಲವ್‌ಡೇ ಮುಂದೆ ನಾನು ತಮಾಷೆ ಮಾಡ್ಕೊಂಡೇ ಇದ್ದೀನಿ. ಬೆಳಿಗ್ಗೆ ಏಳೋಕಾಗದಿದ್ರೆ "ರಾಜರು ಬೇಗ ಏಳಲ್ಲ" ಅಂತೀನಿ, ನಗ್ತಾಳೆ. ರಾತ್ರಿ ಬಚ್ಚಲಿಗೆ ಹೋಗೋವಾಗ ದೆವ್ವದ ಥರ ಕೂಗ್ತೀನಿ, "ಜೇಗೋ ಶುರು ಮಾಡಿದ" ಅಂತ ಎಲ್ಲರೂ ಮಗ್ಗುಲು ಬದಲಿಸ್ತಾರೆ. ಶನಿವಾರದ ತನಕ ಅಷ್ಟೇ ಅಂದ್ಕೊಂಡಿದ್ದೆ. ಒಳಗಿಂದ ಚಿಲಕ ಹಾಕ್ಕೊಂಡ್ಮೇಲೆ ಹೇಳೋಣ ಅಂತ.

ಡಾಕ್ಟ್ರೇ... ನೀವು ಒಂದು ಮಾತು ಅನ್ನಿ. ಅನ್ನಿ, ನಾನು ಗಂಟೆ ಬಾರಿಸಲ್ಲ. ನೋಡಿ, ಗಂಟೆ ಮೇಜಿನ ಕೆಳಗೆ ಇಟ್ಟೆ. "ಇವರು ಹಂಗೇ" ಅನ್ನಿ. ಈ ಹುಡುಗ ತಮಾಷೆಗೆ ಕುಡೀತಾನೆ, ತಮಾಷೆಗೆ ಬಚ್ಚಲಿಗೆ ಓಡ್ತಾನೆ, ಇವರು ಹಂಗೇ. ಎಷ್ಟು ಸುಲಭ! ಎಲ್ಲರೂ ಅಂತಾರೆ. ನೀವೊಬ್ಬರು ಅಂದ್ರೆ ಏನು ಹೋಗುತ್ತೆ?

ಅನ್ನಲ್ವಾ?

...ಅನ್ನಲ್ಲ.

ಬ್ಯಾಗಿಂದ ಅದೇನು ತೆಗೆದ್ರಿ? ಬೆರಳಿಗೆ ಚುಚ್ಚೋದಾ? ರಕ್ತದಲ್ಲಿ ಸಕ್ಕರೆ ನೋಡೋಕಾ? ಇಷ್ಟು ಚಿಕ್ಕ ಸೂಜಿಗೆ ಅಷ್ಟು ದೊಡ್ಡ ಮುಖ ಮಾಡ್ಕೊಂಡಿದ್ದೀರಿ. ಹೆದರ್ಬೇಡಿ, ನಾನಿದ್ದೀನಿ.

ಮುಂಚೆ. ಕೀಲಿ ಬರೋಕೂ ಮುಂಚೆ. ಬಸ್ಸು ಬಂತು, ನೋಡಿ.

ತಗೊಳ್ಳಿ. ಈ ಕೈ ಅಲ್ಲ, ಇದರಲ್ಲಿ ಕೀಲಿ ಹಿಡ್ಕೊಂಡಿದ್ದೀನಿ. ಆ ಕೈ ತಗೊಳ್ಳಿ. ಬೆರಳು ಯಾವುದು ಬೇಕಾದ್ರೂ ಕೊಡ್ತೀನಿ ಡಾಕ್ಟ್ರೇ, ಕೀಲಿ ಮಾತ್ರ ಕೊಡಲ್ಲ.