ಚಿಲಕ ಇಲ್ಲದ ರೂಮು

ಹತ್ತಿರ ಬನ್ನಿ, ಜೋರಾಗಿ ಹೇಳೋ ವಿಷಯ ಅಲ್ಲ. ಇದು ನಮ್ಮ ಚಿಕ್ಕಪ್ಪನ ಮಗನಿಗೇ ಆಗಿದ್ದು. ಬೀಗ ರಿಪೇರಿ ಅವನ ಕಸುಬು, ಅದಕ್ಕೇ ಎಲ್ಲರ ಬಾಯಲ್ಲೂ ಬೀಗಣ್ಣ. ಬಾಗಿಲು ಎಳೆದೆಳೆದು ನೋಡದೆ ಮಲಗೋ ಆಸಾಮಿಯೇ ಅಲ್ಲ.

ಒಂದು ಸಣ್ಣ ಊರಿಗೆ ಕೆಲಸಕ್ಕೆ ಹೋಗಿದ್ದ. ಕೊನೇ ಬಸ್ಸು ತಪ್ಪಿತು. ಲಾಡ್ಜ್ ಹುಡುಕಿಕೊಂಡು ಹೊರಟ. ಒಂದು ಕಡೆ ಬಾಡಿಗೆ ಕೇಳಿಯೇ ತಲೆ ತಿರುಗಿತು, ಇನ್ನೊಂದು ಕಡೆ ರೂಮಿಲ್ಲ. ಓಣಿಯಲ್ಲಿ ಒಂದು ಹಳೇ ಬಾವಿ. ದಾಟುವಾಗ ರಾಟೆ 'ಕೀಂಚ್' ಅಂತು. ಗಾಳಿ ಇರಲಿಲ್ಲ… ಅದರಾಚೆಗೆ ಇನ್ನೊಂದು ಲಾಡ್ಜ್.

ಯಜಮಾನ ಪಿಸುಗುಟ್ಟಿದ. "ಮೇಲಿನ ರೂಮಿದೆ. ಅಗ್ಗ. ಆದ್ರೆ ಒಳಗೆ ಚಿಲಕ ಇಲ್ಲ."

"ಯಾಕೆ?"

"ತೆಗ್ಸಿದೀನಿ. ಬಾಗಿಲು ಸುಮ್ನೆ ಮುಂದೆ ಮಾಡ್ಕೊಂಡು ಮಲಗಿ."

ಅಗ್ಗ ಅನ್ನೋದೊಂದೇ ಇವನ ಕಿವಿಗೆ ಬಿದ್ದಿದ್ದು.

ರೂಮಲ್ಲಿ ಒಂದು ಮಂಚ, ಸರಳು ಹಾಕಿದ ಕಿಟಕಿ, ಅಷ್ಟೇ. ನಿದ್ದೆ ಹತ್ತಲಿಲ್ಲ. ಚಿಲಕ ಇಲ್ಲದ ಬಾಗಿಲಿನ ಎದುರು ಬೀಗದವನು ಮಲಗೋದು ಹೇಗೆ ಹೇಳಿ? ಚೀಲದಿಂದ ಹೊಸ ಚಿಲಕ ತೆಗೆದ, ಸ್ಕ್ರೂ ತಿರುಗಿಸಿ ಕೂರಿಸಿದ, 'ಟಕ್' ಅಂತ ಹಾಕಿದ. ಆಮೇಲೆ ಹಾಯಾಗಿ ಮಲಗಿದ.

ಎಷ್ಟೊತ್ತಿಗೋ ಎಚ್ಚರವಾಯ್ತು. ಸದ್ದು… ಹೊರಗಲ್ಲ. ಮಂಚದ ಕೆಳಗೆ. ಮಲಗಿದ್ದವರು ಏಳುವಾಗ ಬಟ್ಟೆ 'ಸರ್ರ್' ಅನ್ನುತ್ತಲ್ಲ, ಹಾಗೆ. ಮಂಡಿ 'ಲಟಕ್' ಅಂತು. ಬರಿಗಾಲು 'ಟಪ್… ಟಪ್…' ಬಾಗಿಲವರೆಗೆ ಹೋಗಿ ನಿಂತಿತು.

ಒಳಗಿದ್ದವರು ರಾತ್ರಿ ಹೊರಗೆ ಹೋಗಲಿ ಅಂತಲೇ ಯಜಮಾನ ಚಿಲಕ ತೆಗೆಸಿದ್ದ. ಇವನು ಕೈಯಾರೆ ಚಿಲಕ ಹಾಕಿ, ಅವರ ಜೊತೆ ತನ್ನನ್ನೂ ಕೂಡಿಹಾಕಿಕೊಂಡಿದ್ದ.

ಉಗುರು ಮರದ ಮೇಲೆ ಪರಪರ… ಆಮೇಲೆ ಮುದುಕಿಯ ದನಿ. "ಅಪ್ಪಾ… ನಂಗೆ ತೆಗ್ಯೋಕೆ ಬರ್ತಿಲ್ಲ. ತೆಗಿಯಪ್ಪಾ."

ಕಿಟಕಿಗೆ ಸರಳು. ಇರೋದು ಒಂದೇ ಬಾಗಿಲು, ಅದರ ಮುಂದೆ ಅವಳು. ಜೀವ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಗೋಡೆ ಸವರುತ್ತಾ ಹೋದ. ತಣ್ಣನೆ ಬಟ್ಟೆ ತೋಳಿಗೆ ತಾಗಿತು… ಚಿಲಕ ಎಳೆದ.

"ಒಳ್ಳೇ ಮಗ," ಅಂದಳಂತೆ, ಕಿವಿಯ ಹತ್ತಿರವೇ.

ಹೆಜ್ಜೆ ಮೆಟ್ಟಿಲಿಳಿಯಿತು. ಓಡಿಹೋಗಬಹುದಿತ್ತಲ್ಲ ಅಂತೀರಿ. ಇದ್ದದ್ದೇ ಆ ಒಂದು ಮೆಟ್ಟಿಲು ಕಣ್ರೀ, ಅವಳಿದ್ದದ್ದೂ ಅಲ್ಲೇ. ಗೋಡೆಗೆ ಬೆನ್ನು ಕೊಟ್ಟು ಬೆಳಗಿನ ತನಕ ಕೂತ.

ಬೆಳಕು ಹರಿದ ಮೇಲೆ ಕೆಳಗೆ ಓಡಿದರೆ, ಯಜಮಾನ ಬಾಗಿಲಲ್ಲೇ ಕಾಯ್ತಾ ಇದ್ದ.

"ಅಜ್ಜಿ ದಿನಾ ಬೆಳಕಾಗೋ ಮುಂಚೆ ವಾಪಸ್ ಬರ್ತಿದ್ರು," ಅಂದ. "ಇವತ್ತು ಬಂದಿಲ್ಲ."

ಆ ಮುಖದಲ್ಲಿ ಎಂಥಾ ನೆಮ್ಮದಿ ಅಂತೀರಿ. ಬೀಗಣ್ಣನ ಚೀಲ ತಾನೇ ಹೊತ್ತು ಬಸ್ಸು ಹತ್ತಿಸಿದನಂತೆ.

ಸುಳ್ಳು ಅನ್ನಬೇಡಿ. ಹೋದ ತಿಂಗಳು ಬೀಗಣ್ಣನ ಮನೆಯಲ್ಲಿ ನಾನೇ ಉಳಿದಿದ್ದೆ. ಗಂಡ ಹೆಂಡತಿ ಇಬ್ಬರು, ನಾನೊಬ್ಬ. ಅವನ ಹೆಂಡತಿ ನಾಲ್ಕು ಹಾಸಿಗೆ ಹಾಸಿದಳು. ಯಾಕಮ್ಮ ಅಂದೆ, ನಾಲ್ಕನೇದಕ್ಕೂ ಒಂದು ದಿಂಬು ಇಟ್ಟಳು. ಬೆಳಿಗ್ಗೆ ನಾನೇ ಮೊದಲು ಎದ್ದಿದ್ದು. ಅವರಿಬ್ಬರೂ ಇನ್ನೂ ಗೊರಕೆ ಹೊಡೀತಿದ್ದರು…

ನಾಲ್ಕನೇ ಹಾಸಿಗೆ ಮಡಿಸಿ ಇಟ್ಟಿತ್ತು.